ತಿಲಿಸ್ಮ್ ಒಡೆಯುವ ಮಕ್ಕಳು

(ವಸಂತನರಸಾಪುರದಲ್ಲಿ ನಡೆದ ಪೋಷಕರ ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ತಾಯಂದಿರೇ, ಮೊದಲ ಪಾಳಿ ಮುಗಿಸಿ ಮನೆಗೂ ಹೋಗದೆ ನೇರವಾಗಿ ಇಲ್ಲಿಗೆ ಬಂದಿರುವ ಸಹೋದರರೇ, ಮುದ್ದು ವಿದ್ಯಾರ್ಥಿಗಳೇ, ಮತ್ತು ಅಂದು ಸಭೆಗೆ ಬರಲಾಗದೆ ಈಗ ಈ ಸಂಚಿಕೆಯನ್ನು ಕೈಯಲ್ಲಿ ಹಿಡಿದಿರುವ ಓದುಗರೇ,

ನನಗೆ ಕೊಟ್ಟ ವಿಷಯ 'ಮಕ್ಕಳು ಮತ್ತು ವಿಡಿಯೋ ಗೇಮ್'. ಈ ವಿಷಯದ ಮೇಲೆ ಮೇಷ್ಟ್ರೊಬ್ಬರು ಮಾತಾಡುತ್ತಾರೆಂದರೆ ಏನು ಹೇಳುತ್ತಾರೆಂದು ನಿಮಗೆಲ್ಲ ಮೊದಲೇ ಗೊತ್ತು. ಕಣ್ಣು ಹಾಳು, ಓದು ಹಾಳು, ನಮಾಜ್ ತಪ್ಪುತ್ತದೆ, ಫೋನ್ ಕಿತ್ತುಕೊಳ್ಳಿ. ಇವುಗಳಲ್ಲಿ ಸುಳ್ಳು ಯಾವುದೂ ಇಲ್ಲ. ಆದರೆ ಇಷ್ಟೇ ಹೇಳಿ ಕುಳಿತರೆ ನಾನು ಅರ್ಧ ಸತ್ಯ ಹೇಳಿದಂತಾಗುತ್ತದೆ. ಉಳಿದರ್ಧವನ್ನು ನನಗೆ ಕಲಿಸಿದ್ದು ಒಬ್ಬ ಹುಡುಗ. ಅದನ್ನು ಕಲಿಯುವ ಮೊದಲು ನಾನು ಒಂದು ತಪ್ಪು ಮಾಡಿದೆ. ಆ ತಪ್ಪಿನಿಂದಲೇ ಪ್ರಾರಂಭಿಸುತ್ತೇನೆ.

ಕೆಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ತಂದೆ ಇಲ್ಲಿನ ಕಾರ್ಖಾನೆಯೊಂದರಲ್ಲಿ ಕೆಲಸ, ತಾಯಿ ಮನೆಯಲ್ಲಿ ಹೊಲಿಗೆ. ಉರ್ದು ಪ್ರಬಂಧ ಬರೆಯಲು ಹೇಳಿದರೆ ಮೂರು ಸಾಲು, ಕನ್ನಡದಲ್ಲಿ ಎರಡು. ಒಂದು ದಿನ ನಾನು ಕನ್ನಡ ವ್ಯಾಕರಣ ಹೇಳುತ್ತಿದ್ದಾಗ ಅವನು ಮೇಜಿನ ಕೆಳಗೆ ನೋಟ್ ಪುಸ್ತಕ ಇಟ್ಟುಕೊಂಡು ಏನೋ ಬರೆಯುತ್ತಿದ್ದ. ಕಿತ್ತುಕೊಂಡೆ. ಒಳಗೆ ನಕ್ಷೆಗಳು, ಕತ್ತಿಗಳು, ಕೋಟೆಗಳು. "ಈ ಗೇಮಿನ ಹುಚ್ಚು ನಿನ್ನನ್ನು ಎಲ್ಲಿಗೆ ಒಯ್ಯುತ್ತದೋ ನೋಡು" ಎಂದು ಎಲ್ಲರೆದುರು ಬೈದು, ಪುಸ್ತಕವನ್ನು ಬೀರುವಿಗೆ ಹಾಕಿ ಬೀಗ ಹಾಕಿದೆ.

ಮೂರು ವಾರಗಳ ನಂತರ ಬೇರೇನನ್ನೋ ಹುಡುಕುವಾಗ ಅದು ಕೈಗೆ ಸಿಕ್ಕಿತು. ಸುಮ್ಮನೆ ತೆರೆದೆ. ನಲವತ್ತು ಪುಟ ತುಂಬಿತ್ತು. ಅವನು ಅಣ್ಣನ ಹಳೆಯ ಕಂಪ್ಯೂಟರಿನಲ್ಲಿ ಆಡುತ್ತಿದ್ದ ಆಟಕ್ಕೆ ತಾನೇ ಒಂದು ಹೊಸ ಸಾಹಸ ಕಟ್ಟುತ್ತಿದ್ದ. ಕಥೆ ನಡೆಯುವುದು ಸಿರಾ ಕೋಟೆಯಲ್ಲಿ, ಮಧುಗಿರಿಯ ಏಕಶಿಲಾ ಬೆಟ್ಟದಲ್ಲಿ, ದೇವರಾಯನದುರ್ಗದ ಕಾಡಿನಲ್ಲಿ. ಒಂದು ಸರ್ಪ ನಾಡಿನ ಕೆರೆಗಳನ್ನೆಲ್ಲ ಕುಡಿದುಬಿಟ್ಟಿದೆ. ನಾಯಕ ಮೂರು ಬೀಗದ ಕೈ ಹುಡುಕಬೇಕು. ಬಾವಿಯ ಬಳಿ ಒಬ್ಬ ಮುದುಕಿ ಕೂತಿರುತ್ತಾಳೆ. ಅವಳಿಗೆ ಸುಳ್ಳು ಹೇಳಿದವನಿಗೆ ಕೋಟೆಯ ಬಾಗಿಲು ತೆರೆಯುವುದಿಲ್ಲ. ಭಾಷೆ ಅರ್ಧ ಉರ್ದು, ಅರ್ಧ ಕನ್ನಡ. ಎರಡು ಸಾಲು ಬರೆಯಲಾರದವನು ಎಂದು ನಾನು ತೀರ್ಮಾನಿಸಿದ್ದ ಹುಡುಗ ನಲವತ್ತು ಪುಟ ಬರೆದಿದ್ದ, ಮತ್ತು ನಾನು ಅದಕ್ಕೆ ಬೀಗ ಹಾಕಿದ್ದೆ.

ಮರುದಿನ ಪುಸ್ತಕ ಹಿಂತಿರುಗಿಸಿ ತಪ್ಪಾಯಿತು ಎಂದೆ. "ಮುಂದಿನ ಕಥೆ ಏನು?" ಎಂದು ಕೇಳಿದೆ. ಅವನು ತಲೆ ತಗ್ಗಿಸಿ, "ಮರೆತುಹೋಯ್ತು ಸಾರ್" ಎಂದ. ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಆತ್ಮೀಯರೇ, ಆ ಹುಡುಗ ಆಡುತ್ತಿದ್ದ ಆಟ ಎಂಥದ್ದು ಎಂದು ತಿಳಿಯಲು ನಾನೇ ಕುಳಿತು ಆಡಿದೆ. ಇದನ್ನು ಆ್ಯಕ್ಷನ್ ರೋಲ್ ಪ್ಲೇಯಿಂಗ್ ಗೇಮ್ ಎನ್ನುತ್ತಾರೆ. ಪಾತ್ರ ವಹಿಸಿ ಆಡುವ ಸಾಹಸದ ಆಟ ಎಂದು ಕನ್ನಡದಲ್ಲಿ ಹೇಳಬಹುದು. ನೀವು ಒಂದು ಪಾತ್ರವಾಗುತ್ತೀರಿ. ಆರಂಭದಲ್ಲಿ ನಿಮ್ಮ ಬಳಿ ಹರಿದ ಬಟ್ಟೆ, ತುಕ್ಕು ಹಿಡಿದ ಚಾಕು. ಊರೂರು ಅಲೆಯುತ್ತೀರಿ, ಜನರ ಮಾತು ಕೇಳುತ್ತೀರಿ, ಅವರ ಕಷ್ಟ ಪರಿಹರಿಸುತ್ತೀರಿ, ಕಾಡಿನ ಮೃಗಗಳೊಡನೆ, ಮಾಯಾವಿಗಳೊಡನೆ ಹೋರಾಡುತ್ತೀರಿ. ಪ್ರತಿ ಕೆಲಸಕ್ಕೂ ಅನುಭವದ ಅಂಕ ಸಿಗುತ್ತದೆ. ಅಂಕ ಸೇರಿದಂತೆ ಬಲ, ಚುರುಕು, ಜಾಣ್ಮೆ ಹೆಚ್ಚುತ್ತವೆ. ಸೋತರೆ ಆಟ ನಿಮ್ಮನ್ನು ದಡ್ಡ ಎನ್ನುವುದಿಲ್ಲ, ಹಿಂದಿನ ಜಾಗದಿಂದ ಮತ್ತೆ ಪ್ರಯತ್ನಿಸು ಎನ್ನುತ್ತದೆ.

ಇದರಲ್ಲಿ ನನ್ನಂಥ ಶಿಕ್ಷಕರಿಗೆ ಪಾಠವಿದೆ. ನಮ್ಮ ಶಾಲೆಯಲ್ಲಿ ಮಗು ವರ್ಷವಿಡೀ ದುಡಿದರೆ ಕೊನೆಗೆ ಸಿಗುವುದು ಒಂದು ಅಂಕಪಟ್ಟಿ. ನಿನ್ನೆ ಓದಲು ಬಾರದ ಪದ ಇಂದು ಬಂತೆಂಬುದನ್ನು ಯಾರೂ ಅವನಿಗೆ ಹೇಳುವುದಿಲ್ಲ. ಆಟ ಹೇಳುತ್ತದೆ. ನಮ್ಮ ಮಕ್ಕಳನ್ನು ಅದು ಸೆಳೆಯುವುದಕ್ಕೆ ಬಣ್ಣ, ಸದ್ದು ಮಾತ್ರ ಕಾರಣವಲ್ಲ. ಅವರ ಸಣ್ಣ ಶ್ರಮವನ್ನೂ ಅದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ ಎಂಬುದೂ ಕಾರಣ.

ಇಂಥ ಆಟಗಳು ಹುಟ್ಟಿದ್ದು ಕಂಪ್ಯೂಟರಿನಲ್ಲೂ ಅಲ್ಲ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟ ಹೊರತಂದರು. ಅದಕ್ಕೆ ಬೇಕಾದದ್ದು ಕಾಗದ, ಪೆನ್ಸಿಲ್, ದಾಳ ಮತ್ತು ನಾಲ್ಕು ಜನ ಗೆಳೆಯರು. ಒಬ್ಬ ಕಥೆ ಹೇಳುತ್ತಾನೆ, ಉಳಿದವರು ಪಾತ್ರಗಳಾಗುತ್ತಾರೆ. ಇದೇ ಕ್ರಮ ಮುಂದೆ ಕಂಪ್ಯೂಟರಿಗೆ ಬಂತು.

ಆದರೆ ಆಡುತ್ತ ಹೋದಂತೆ ನನಗೆ ಇದೆಲ್ಲ ಎಲ್ಲೋ ಕೇಳಿದ ಹಾಗಿದೆಯಲ್ಲ ಎನಿಸಿತು. ಉರ್ದು ಓದಿದ ಹಿರಿಯರಿಗೆ ಕಾರಣ ಹೊಳೆದಿರಬಹುದು. ಇದು ನಮ್ಮ ದಾಸ್ತಾನ್!

ದಾಸ್ತಾನ್-ಎ-ಅಮೀರ್ ಹಮ್ಜಾ ಎಂಬ ಸಾಹಸ ಕಥೆಗಳ ಮಹಾಸಾಗರ ನಿಮಗೆ ಗೊತ್ತು. ಹೆಸರು ಹಜ್ರತ್ ಹಮ್ಜಾ ಅವರದಾದರೂ ಇದು ಚರಿತ್ರೆಯಲ್ಲ, ಪೂರ್ತಿ ಕಲ್ಪನೆ. ಈ ವ್ಯತ್ಯಾಸ ಮಕ್ಕಳಿಗೆ ಹೇಳಲೇಬೇಕು. ಅಕ್ಬರ್ ಬಾದಶಹನು ಈ ಕಥೆಗಳಿಗೆ ಬಟ್ಟೆಯ ಮೇಲೆ ಸುಮಾರು 1,400 ಚಿತ್ರಗಳನ್ನು ಬರೆಸಿದ. ಆ ಕೆಲಸ ಸುಮಾರು 15 ವರ್ಷ ನಡೆಯಿತು. ಲಖನೌದ ನವಲ್ ಕಿಶೋರ್ ಮುದ್ರಣಾಲಯವು ಇದನ್ನು ಉರ್ದುವಿನಲ್ಲಿ 46 ಸಂಪುಟಗಳಾಗಿ ಪ್ರಕಟಿಸಿತು. ಅದರಲ್ಲಿ ಎಲ್ಲಕ್ಕಿಂತ ಪ್ರಸಿದ್ಧವಾದದ್ದು ಏಳು ಸಂಪುಟಗಳ 'ತಿಲಿಸ್ಮ್-ಎ-ಹೋಶ್‌ರುಬಾ'. 1883ರಿಂದ 1893ರ ನಡುವೆ ಬಂದ ಇದನ್ನು ಬರೆದವರು ಮುಹಮ್ಮದ್ ಹುಸೇನ್ ಜಾಹ್ ಮತ್ತು ಅಹ್ಮದ್ ಹುಸೇನ್ ಕಮರ್.

ತಿಲಿಸ್ಮ್ ಎಂದರೆ ಮಾಯಾವಿ ಕಟ್ಟಿದ ಜಗತ್ತು. ಅದಕ್ಕೊಂದು ಬೀಗ, ಒಂದು ಕೀಲಿ, ಅದನ್ನು ಒಡೆಯಲೆಂದೇ ನಿಯುಕ್ತನಾದ ಒಬ್ಬ ವೀರ ಇರುತ್ತಾನೆ. ಅವನಿಗೆ ದಾರಿ ತೋರಿಸುವುದು 'ಲೌಹ್' ಎಂಬ ಫಲಕ. ಎಲ್ಲಿಗೆ ಹೋಗಬೇಕು, ಯಾವುದನ್ನು ಮುಟ್ಟಬಾರದು ಎಂದು ಅದು ತಿಳಿಸುತ್ತದೆ. ಇಂದಿನ ಆಟಗಳಲ್ಲಿ ಮುಂದಿನ ಕೆಲಸ ತೋರಿಸುವ ಪಟ್ಟಿ ಇದೇ ತಾನೇ? ಹಮ್ಜಾನ ಗೆಳೆಯ ಅಮರ್ ಅಯ್ಯಾರನ ಬಳಿ 'ಜಂಬೀಲ್' ಎಂಬ ಚೀಲವಿದೆ. ಅದರಲ್ಲಿ ಏನು ಹಾಕಿದರೂ ಹಿಡಿಸುತ್ತದೆ. ನಮ್ಮ ಹುಡುಗರ ಆಟದ ನಾಯಕನೂ ಹತ್ತು ಕತ್ತಿ, ಇಪ್ಪತ್ತು ಔಷಧಿ ಬಾಟಲಿಗಳನ್ನು ಒಂದೇ ಚೀಲದಲ್ಲಿ ಹೊತ್ತು ಓಡುತ್ತಾನೆ! ಅಮರನ ಬಳಿ ಹೊದ್ದರೆ ಕಣ್ಣಿಗೆ ಕಾಣದಂತಾಗುವ ಕಂಬಳಿ ಇದೆ. ಅದೂ ಈ ಆಟಗಳಲ್ಲಿ ಉಂಟು. ಅವರು ಇವರಿಂದ ಕದ್ದರು ಎಂದು ನಾನು ಹೇಳುತ್ತಿಲ್ಲ. ಮನುಷ್ಯನ ಕಲ್ಪನೆ ಎಲ್ಲ ಕಡೆ ಒಂದೇ ತರಹ ಕುಣಿಯುತ್ತದೆ ಎನ್ನುತ್ತಿದ್ದೇನೆ.

ಇನ್ನೊಂದು ಮುಖ್ಯ ಸಂಗತಿ. ಹೋಶ್‌ರುಬಾ ಮೂಲ ಪರ್ಷಿಯನ್ ಕಥೆಯಲ್ಲಿ ಇರಲೇ ಇಲ್ಲ. ಹಮ್ಜಾ ಕಥೆಯನ್ನು ಮನಸಾರೆ ಪ್ರೀತಿಸಿದ ಲಖನೌದ ದಾಸ್ತಾನ್‌ಗೋಗಳು, ಅಂದರೆ ಕಥೆಗಾರರು, ಅದಕ್ಕೆ ತಾವೇ ಒಂದು ಹೊಸ ಜಗತ್ತನ್ನು ಸೇರಿಸಿದರು. ಸೇರಿಸಿದ ಭಾಗವೇ ಮೂಲಕ್ಕಿಂತ ಹೆಚ್ಚು ಹೆಸರು ಮಾಡಿತು. ನಮ್ಮ ಕನ್ನಡ ನಾಡಿನಲ್ಲೂ ಇದೇ ನಡೆದಿದೆ. ತುಮಕೂರು ಸೀಮೆಯ ಮೂಡಲಪಾಯ ಯಕ್ಷಗಾನದ ಭಾಗವತರು ಹಳೆಯ ಕಥೆಗೆ ಹೊಸ ಪ್ರಸಂಗ ಕಟ್ಟಿ ರಾತ್ರಿಯಿಡೀ ಆಡಿಸಿದವರೇ. ಪಕ್ಕದ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಕಂಪನಿಯು ವೀರಣ್ಣನವರ ಕಾಲದಲ್ಲಿ ಕುರುಕ್ಷೇತ್ರ ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗದ ಮೇಲೆ ತಂದಿತು. ಅದ್ಭುತವನ್ನು ಕಣ್ಣಾರೆ ನೋಡುವ ಆಸೆ ನಮ್ಮ ಮಕ್ಕಳಿಗೆ ಫೋನಿನಿಂದ ಅಂಟಿದ ರೋಗವಲ್ಲ. ಅದು ನಮ್ಮ ಅಜ್ಜಂದಿರಿಗೂ ಇತ್ತು.

ಆಟಗಳ ಲೋಕದಲ್ಲೂ ಹೀಗೆ ಸೇರಿಸುವವರು ಇದ್ದಾರೆ. 2002ರಲ್ಲಿ ಬಂದ 'ಮಾರೋವಿಂಡ್' ಆಟದ ಜೊತೆಗೆ ಅದನ್ನು ಕಟ್ಟಿದ ಸಲಕರಣೆಯನ್ನೇ ಆಟಗಾರರ ಕೈಗೆ ಕೊಟ್ಟರು. ಅದೇ ವರ್ಷ ಬಂದ 'ನೆವರ್‌ವಿಂಟರ್ ನೈಟ್ಸ್' ಕೂಡ ಹಾಗೆಯೇ ಮಾಡಿತು. ಆಡುವವರು ತಾವೇ ಊರು ಕಟ್ಟಿದರು, ಮಾತು ಬರೆದರು, ಸಾವಿರಾರು ಹೊಸ ಸಾಹಸಗಳನ್ನು ಹಂಚಿಕೊಂಡರು. ಜರ್ಮನಿಯ ಹವ್ಯಾಸಿಗಳ ಒಂದು ತಂಡ 'ಸ್ಕೈರಿಮ್' ಎಂಬ ಆಟದ ಮೇಲೆ 'ಎಂಡೆರಾಲ್' ಎಂಬ ಬೇರೆಯೇ ಲೋಕ ಕಟ್ಟಿ 2016ರಲ್ಲಿ ಉಚಿತವಾಗಿ ಕೊಟ್ಟಿತು. ಪೋಲೆಂಡಿನ ಅಭಿಮಾನಿಗಳು 2002ರ 'ಗಾಥಿಕ್ 2' ಎಂಬ ಹಳೆಯ ಆಟಕ್ಕೆ 2021ರಲ್ಲಿ 'ಆರ್ಕೋಲೋಸ್' ಎಂಬ ದ್ವೀಪವನ್ನೇ ಸೇರಿಸಿದರು. ಅದೂ ಉಚಿತ. ಹತ್ತೊಂಬತ್ತು ವರ್ಷ ಒಂದು ಕಥೆಯನ್ನು ಮರೆಯದವರ ಪ್ರೀತಿ ಅದು. ಅಮೆರಿಕದ ಅಲೆಕ್ಸಾಂಡರ್ ವೆಲಿಕಿ ಎಂಬ 19 ವರ್ಷದ ತರುಣ ಸುಮಾರು 2,000 ಗಂಟೆ ಕುಳಿತು 'ಫಾಲ್ಸ್‌ಕಾರ್' ಎಂಬ ಸಾಹಸ ಕಟ್ಟಿ 2013ರಲ್ಲಿ ಬಿಡುಗಡೆ ಮಾಡಿದ. ಅದನ್ನು ನೋಡಿ ಒಂದು ದೊಡ್ಡ ಗೇಮ್ ಕಂಪನಿ ಅವನಿಗೆ ಕೆಲಸ ಕೊಟ್ಟಿತು.

ನಮ್ಮ ದೇಶದ ಮಾತು? ಹೈದರಾಬಾದಿನ ಒಂದು ಸಣ್ಣ ತಂಡ 2017ರಲ್ಲಿ 'ಅಸುರ' ಎಂಬ ಆ್ಯಕ್ಷನ್ ಆಟ ತಂದಿತು. ಪುಣೆಯ ತಂಡವೊಂದು 2020ರಲ್ಲಿ 'ರಾಜಿ' ತಂದಿತು. ಅದರ ನಾಯಕಿ ಕಳೆದುಹೋದ ತಮ್ಮನನ್ನು ಹುಡುಕಿ ಹೊರಡುವ ಬಾಲಕಿ. ಬೆಂಗಳೂರಿನಲ್ಲಿ 1997ರಲ್ಲೇ 'ಧ್ರುವ ಇಂಟರಾಕ್ಟಿವ್' ಎಂಬ ಗೇಮ್ ಕಂಪನಿ ಹುಟ್ಟಿತ್ತು. 2019ರಲ್ಲಿ ಅದನ್ನು ಜಗತ್ಪ್ರಸಿದ್ಧ ರಾಕ್‌ಸ್ಟಾರ್ ಕಂಪನಿ ಕೊಂಡುಕೊಂಡಿತು. ಅನಿಮೇಷನ್ ಮತ್ತು ಗೇಮಿಂಗ್‌ಗೆಂದೇ 2012ರಲ್ಲಿ ಪ್ರತ್ಯೇಕ ನೀತಿ ಪ್ರಕಟಿಸಿದ ಮೊದಲ ರಾಜ್ಯ ಕರ್ನಾಟಕ. ನಮ್ಮಿಂದ ಎರಡು ಗಂಟೆ ದೂರದ ಬೆಂಗಳೂರಿನಲ್ಲಿ ಈ ಕೆಲಸ ನಡೆಯುತ್ತಿದೆ. ಅಲ್ಲಿ ಚಿತ್ರ ಬರೆಯುವವರು, ಲೆಕ್ಕ ಬಲ್ಲವರು, ಸಂಗೀತ ಬಲ್ಲವರು ಬೇಕು, ಕಥೆ ಬರೆಯುವವರೂ ಬೇಕು. ಆಡುವ ಎಲ್ಲ ಮಕ್ಕಳಿಗೂ ಅಲ್ಲಿ ನೌಕರಿ ಸಿಗುತ್ತದೆ ಎಂದು ನಾನು ಹೇಳಲಾರೆ, ಅದು ಮೋಸವಾದೀತು. ಆದರೆ ಸಲೀಸಾಗಿ ಬರೆಯಬಲ್ಲ ಮಗುವಿಗೆ ಯಾವ ದಾರಿಯೂ ಮುಚ್ಚುವುದಿಲ್ಲ.

ಇನ್ನು ನೀವು ನನ್ನನ್ನು ಕೇಳುವ ಎರಡು ಪ್ರಶ್ನೆಗಳು.

ಒಂದು: "ಮೇಷ್ಟ್ರೇ, ಇದರಲ್ಲಿ ಜಾದೂ ಇದೆ, ಭೂತ ಇದೆ, ಇದು ಸರಿಯೇ?" ಫತ್ವಾ ಕೊಡುವ ಅರ್ಹತೆ ನನಗಿಲ್ಲ, ಅದಕ್ಕೆ ಉಲೇಮಾಗಳಿದ್ದಾರೆ. ನಾನು ಹೇಳಬಲ್ಲದ್ದು ಇಷ್ಟೆ. ಹೋಶ್‌ರುಬಾ ಬರೆದವರು, ಕೇಳಿದವರು ನಮ್ಮ ಹಿರಿಯರೇ. ಅಲ್ಲಿ ಮಾಯಾವಿ ಅಫ್ರಾಸಿಯಾಬ್ ಶತ್ರುವಾಗಿದ್ದ. ಕಥೆಯ ಜಾದೂವನ್ನು ಕಥೆಯೆಂದೇ ತಿಳಿಯುವ ವಿವೇಕವನ್ನು ಮಗುವಿಗೆ ಮನೆಯಲ್ಲಿ ಕಲಿಸಬೇಕು. ಆಟದಲ್ಲಿ ಏನಿದೆ ಎಂದು ನೀವೇ ಪಕ್ಕದಲ್ಲಿ ಕುಳಿತು ನೋಡಿ. ನಮ್ಮ ನಂಬಿಕೆಗೆ, ನಾಚಿಕೆಗೆ ಒಗ್ಗದ್ದು ಇದ್ದರೆ ಆ ಆಟ ಬೇಡ. ನೋಡದೆ ಎಲ್ಲವನ್ನೂ ಬೈದರೆ ಮಗು ಕದ್ದು ಆಡುತ್ತದೆ, ಅಷ್ಟೆ.

ಎರಡು: "ದುಡ್ಡು ಹೋಗುತ್ತದಲ್ಲ?" ಇದು ಅತಿ ಮುಖ್ಯವಾದ ಪ್ರಶ್ನೆ. ಇಲ್ಲಿ ನನ್ನ ಮಾತು ಕಠಿಣವಾಗಿರುತ್ತದೆ. ಕಥೆಯ ಆಟ ಬೇರೆ, ಹಣದ ಆಟ ಬೇರೆ. ಹಣ ಕಟ್ಟಿ ಹಣ ಗೆಲ್ಲುವ ರಮ್ಮಿ ಮುಂತಾದವು ಜೂಜು. ಕುರ್‌ಆನ್ ಮದ್ಯವನ್ನೂ ಜೂಜನ್ನೂ ಒಟ್ಟಿಗೇ ನಿಷೇಧಿಸಿದೆ. ಸರ್ಕಾರವೂ ಎಚ್ಚೆತ್ತು, ಆಗಸ್ಟ್ 2025ರಲ್ಲಿ ಆನ್‌ಲೈನ್ ಹಣದ ಆಟಗಳನ್ನು ನಡೆಸುವುದನ್ನು, ಅವುಗಳ ಜಾಹೀರಾತನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು ಅಂಗೀಕರಿಸಿತು. ಆದರೆ ಜೂಜು ವೇಷ ಮರೆಸಿಕೊಂಡೂ ಬರುತ್ತದೆ. ಕೆಲವು ಆಟಗಳಲ್ಲಿ 'ಲೂಟ್ ಬಾಕ್ಸ್' ಎಂಬ ಮುಚ್ಚಿದ ಪೆಟ್ಟಿಗೆ ಮಾರುತ್ತಾರೆ. ದುಡ್ಡು ಕೊಡಬೇಕು, ಒಳಗೆ ಏನಿದೆಯೋ ತೆರೆದ ಮೇಲೆಯೇ ತಿಳಿಯುವುದು. ಬೆಲ್ಜಿಯಂ ದೇಶವು 2018ರಲ್ಲಿ ಇದನ್ನು ಜೂಜೆಂದೇ ಪರಿಗಣಿಸಿತು. ಅಬ್ಬಾನ ಯುಪಿಐ ಪಿನ್ ಮಗನಿಗೆ ಗೊತ್ತಿರುವ ಮನೆಗಳು ಇಲ್ಲಿ ಎಷ್ಟಿವೆ? ಇಂದು ರಾತ್ರಿಯೇ ಅದನ್ನು ಬದಲಾಯಿಸಿ.

ಚಟದ ಮಾತನ್ನೂ ಮುಚ್ಚಿಡಬಾರದು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿದ ರೋಗಗಳ ಪಟ್ಟಿಯಲ್ಲಿ 'ಗೇಮಿಂಗ್ ಡಿಸಾರ್ಡರ್' ಸೇರಿದೆ. ಹೆಚ್ಚು ಆಡುವವರೆಲ್ಲ ರೋಗಿಗಳಲ್ಲ. ಆಟದ ಮೇಲೆ ಹತೋಟಿ ತಪ್ಪಿ, ಊಟ, ನಿದ್ದೆ, ಓದು, ಮನೆಯವರೆಲ್ಲ ಹಿಂದೆ ಸರಿದು, ಹಾನಿಯಾಗುತ್ತಿದ್ದರೂ ಬಿಡಲಾಗದ ಸ್ಥಿತಿ ಸಾಮಾನ್ಯವಾಗಿ ಒಂದು ವರ್ಷ ಮುಂದುವರಿದರೆ ಅದು ರೋಗ. ಅಂಥ ಮಗುವಿಗೆ ಹೊಡೆತ ಔಷಧಿಯಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಲ್ಲಿ 'ಶಟ್ ಕ್ಲಿನಿಕ್' ಪ್ರಾರಂಭವಾಯಿತು. ನಾಚಿಕೆ ಪಡದೆ ಕರೆದುಕೊಂಡು ಹೋಗಿ.

ಈಗ ನನ್ನ ತರಗತಿಯಲ್ಲಿ ಏನು ಮಾಡಿದೆ ಎಂದು ಹೇಳಿ ಮುಗಿಸುತ್ತೇನೆ. ಆ ನೋಟ್ ಪುಸ್ತಕದ ಘಟನೆಯ ನಂತರ ಶನಿವಾರದ ಕೊನೆಯ ಅವಧಿಯನ್ನು ಕಥೆಯಾಟಕ್ಕೆ ಇಟ್ಟೆ. ಕಂಪ್ಯೂಟರ್ ಇಲ್ಲ, ಫೋನ್ ಇಲ್ಲ. ದಾಳ ಬಳಸೋಣವೆಂದರೆ ಹಿರಿಯರೊಬ್ಬರು, "ದಾಳ ಬೇಡ ಬೇಟಾ" ಎಂದರು. ಸರಿ, ಒಂದರಿಂದ ಆರರವರೆಗೆ ಚೀಟಿ ಬರೆದು ಟೋಪಿಯಲ್ಲಿ ಹಾಕಿ ಎತ್ತಿದೆವು. ಒಬ್ಬ ವಿದ್ಯಾರ್ಥಿ ಕಥೆ ನಡೆಸುತ್ತಾನೆ, ಐವರು ಪಾತ್ರಗಳಾಗುತ್ತಾರೆ, ಒಬ್ಬರು ನಡೆದದ್ದನ್ನು ಬರೆಯುತ್ತಾರೆ. ಒಂದು ವಾರ ಉರ್ದು, ಒಂದು ವಾರ ಕನ್ನಡ. "ನಮ್ಮ ಮನೆಯಲ್ಲಿ ಫೋನ್ ಅಣ್ಣನಿಗೆ ಮಾತ್ರ ಸಾರ್, ನಾನು ಹೇಗೆ ಆಡಲಿ?" ಎಂದಿದ್ದ ಹುಡುಗಿಯೊಬ್ಬಳು ಎಲ್ಲರಿಗಿಂತ ಚೆನ್ನಾಗಿ ಕಥೆ ನಡೆಸಿದಳು. ಅವಳ ಕಥೆಯ ನಾಯಕಿ ಮಾಯಾವಿಯನ್ನು ಕೊಲ್ಲಲಿಲ್ಲ; ಅವನು ಮರೆತಿದ್ದ ಅವನ ತಾಯಿಯ ಹೆಸರನ್ನು ನೆನಪಿಸಿ ಗೆದ್ದಳು. ಇಂಥ ಮುಕ್ತಾಯ ನನಗೆ ಹೊಳೆಯುತ್ತಿರಲಿಲ್ಲ.

ಆ ಹುಡುಗ ಮೊದಲ ಎರಡು ತಿಂಗಳು ಸುಮ್ಮನೆ ಕುಳಿತಿದ್ದ. ನಾನೂ ಒತ್ತಾಯಿಸಲಿಲ್ಲ. ಮೂರನೇ ತಿಂಗಳು ಒಂದು ಶನಿವಾರ ಎದ್ದು ನಿಂತು, "ಬಾವಿ ಹತ್ತಿರ ಒಬ್ಬ ಮುದುಕಿ ಕೂತಿದ್ದಳು" ಎಂದು ಪ್ರಾರಂಭಿಸಿದ. ನಾನು ಕಿಟಕಿಯ ಕಡೆ ತಿರುಗಿ ನಿಂತೆ, ನನ್ನ ಕಣ್ಣು ಮಕ್ಕಳಿಗೆ ಕಾಣಬಾರದೆಂದು.

ಪೋಷಕರಲ್ಲಿ ನನ್ನ ಕೋರಿಕೆ ನಾಲ್ಕು.

ಮೊದಲನೆಯದು, ಆಟಕ್ಕೆ ಹೊತ್ತು ಗೊತ್ತು ಮಾಡಿ. ನಮಾಜ್, ಊಟ, ಪಾಠ, ನಿದ್ದೆ ಇವುಗಳ ಹೊತ್ತನ್ನು ಅದು ತಿನ್ನಬಾರದು. ಎರಡನೆಯದು, ಹಣ ಕೇಳುವ ಆಟ ಮನೆಯೊಳಗೆ ಬರಬಾರದು. ಮೂರನೆಯದು, ವಾರಕ್ಕೊಮ್ಮೆಯಾದರೂ ಮಗುವಿನ ಪಕ್ಕ ಕುಳಿತು, "ಇವನು ಯಾರು? ಯಾಕೆ ಹೊರಟಿದ್ದಾನೆ? ನೀನಾಗಿದ್ದರೆ ಏನು ಮಾಡುತ್ತಿದ್ದೆ?" ಎಂದು ಕೇಳಿ. ಪಾಳಿ ಕೆಲಸದ ದಣಿವು ನನಗೆ ಗೊತ್ತು, ಆದರೂ ಹತ್ತು ನಿಮಿಷ ಸಾಕು. ನಾಲ್ಕನೆಯದು, ಆಡಿದ್ದನ್ನು ಬರೆಯಲು ಒಂದು ನೋಟ್ ಪುಸ್ತಕ ಕೊಡಿಸಿ. ಮುಂದಿನ ಸಾಹಸವನ್ನು ಅವರೇ ಕಟ್ಟಲಿ. ನಿಮ್ಮ ಅಮ್ಮಿ, ದಾದಿ ಹೇಳಿದ ಕಥೆಗಳನ್ನೂ ಅದಕ್ಕೆ ಸೇರಿಸಲು ಹೇಳಿ.

ವಿದ್ಯಾರ್ಥಿಗಳೇ, ನಿಮಗೂ ಒಂದು ಮಾತು. ತಿಲಿಸ್ಮಿನಲ್ಲಿ ಎರಡು ಬಗೆಯ ಜನರಿರುತ್ತಾರೆ. ಕೆಲವರು ಒಳಗೆ ಸಿಕ್ಕಿಬಿದ್ದವರು. ಅವರಿಗೆ ಹೊರಗೊಂದು ಲೋಕವಿದೆ ಎಂಬುದೇ ಮರೆತುಹೋಗಿರುತ್ತದೆ. ಇನ್ನೊಬ್ಬ ಒಳಹೊಕ್ಕು, ನೋಡಿ, ತಿಳಿದು, ಅದನ್ನು ಒಡೆದು ಹೊರಬರುತ್ತಾನೆ. ಆಡಿ, ಸಂತೋಷಪಡಿ, ಆದರೆ ಹೊರಗೆ ಬನ್ನಿ. ಬರುವಾಗ ನಿಮ್ಮ ಜಂಬೀಲಿನಲ್ಲಿ ಒಂದು ಕಥೆ ಇರಲಿ. ಅದನ್ನು ಬರೆದು ನನಗೆ ತೋರಿಸಿ. ಈ ಸಲ ನಾನು ಬೀರುವಿಗೆ ಬೀಗ ಹಾಕುವುದಿಲ್ಲ.

ಅಲ್ಲಾಹನು ನಮ್ಮ ಮಕ್ಕಳ ಜ್ಞಾನವನ್ನೂ ವಿವೇಕವನ್ನೂ ಹೆಚ್ಚಿಸಲಿ, ಅವರ ಮಾತನ್ನು ಆಲಿಸುವ ತಾಳ್ಮೆಯನ್ನು ನಮಗೆ ದಯಪಾಲಿಸಲಿ. ಆಮೀನ್.